ಸೇತುವೆ ಮೇಲಿನ ಕಣ

ಮುಗ್ಗಿದ ರಾಗಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಮೊನ್ನೆ ತುಮಕೂರಿನ ನಮ್ಮ ಮನೆಯ ಅಟ್ಟದ ಮೇಲಿದ್ದ ಚೀಲವೊಂದರ ಮೇಲೆ ಮಳೆನೀರು ಸೋರಿತ್ತು. ಬಿಚ್ಚಿ ನೋಡಿದರೆ ಕಾಳೆಲ್ಲ ಗಂಟುಕಟ್ಟಿ ಬಿಳಿ ಮೊಳಕೆ ಒಡೆದಿತ್ತು. "ಹೋಗ್ಲಿ ಬಿಡಮ್ಮ, ಒಂದು ಚೀಲ ತಾನೆ" ಎಂದಳು ಮಗಳು. ಅವಳಿಗೇನು ಗೊತ್ತು? ಅವಳು ಹುಟ್ಟುವ ಮುಂಚೆ ಒಂದು ಸೇತುವೆಯ ಉದ್ದಕ್ಕೂ ಇದೇ ವಾಸನೆ ಇತ್ತು. ತುಂಬಿದ ಹೊಟ್ಟೆ ಹೊತ್ತುಕೊಂಡು, ಎರಡೂರಿನ ಗಂಡಸರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತ ನಾನು ಅದರ ನಡುವೆ ನಿಂತಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಗುಬ್ಬಿಯ ಕಡೆಯಿಂದ ಕುಣಿಗಲ್ಲಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿತ್ತು ಆ ಸೇತುವೆ. ಕೆಳಗೆ ನದಿಯೇನೂ ಇರಲಿಲ್ಲ. ದೊಡ್ಡ ಕೆರೆಯ ಹಿನ್ನೀರು ಹರಡಿ ಹರಡಿ ಆದ ಜೌಗು ಅದು. ಬೇಸಿಗೆಯಲ್ಲಿ ಆಳೆತ್ತರದ ಜೊಂಡು, ಅದರೊಳಗೆ ಎಮ್ಮೆಗಳು, ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿಗಳು. ಮಳೆಗಾಲ ಹಿಡಿದು ಕೆರೆ ತುಂಬಿತೆಂದರೆ ಹಿನ್ನೀರು ಹೊಲಗಳವರೆಗೂ ಏರಿಬಿಡುತ್ತಿತ್ತು. ಆಗ ದಾರಿಯೂ ಇಲ್ಲ, ದಡವೂ ಇಲ್ಲ. ಗುಬ್ಬಿ ಕಡೆಯ ದಡದಲ್ಲಿ ಜೊಂಡುಪಾಳ್ಯ, ಅದು ನನ್ನ ತವರು. ಕುಣಿಗಲ್ ಕಡೆಯ ದಡದಲ್ಲಿ ಕರಿದಿಣ್ಣೆ, ಅದು ನನ್ನ ಗಂಡನ ಊರು. ಸೇತುವೆ ಬರುವ ಮುಂಚೆ ಎರಡೂರಿನವರೂ ಸಂಜೆ ಆಚೆ ದಡದ ದೀಪ ನೋಡಿ "ಅಲ್ಲೂ ಜನ ಅವ್ರೆ" ಎಂದುಕೊಳ್ಳುತ್ತಿದ್ದರು, ಅಷ್ಟೆ. ಆದ್ದರಿಂದ ಜಗಳವೂ ಇರಲಿಲ್ಲ. ಮುಖ ಕಾಣದವರ ಹತ್ತಿರ ಯಾರು ಜಗಳ ಆಡುತ್ತಾರೆ?

ಎಪ್ಪತ್ತರ ದಶಕದ ಕೊನೆಯಲ್ಲಿ ಸೇತುವೆಯ ಕೆಲಸ ಶುರುವಾಯಿತು. ಆಚೆ ದಡದಿಂದ ಕೆಲವು ಎತ್ತಿನ ಗಾಡಿ, ಈಚೆ ದಡದಿಂದ ಕೆಲವು ಗಾಡಿ ಕಲ್ಲು ಮರಳು ಹೊಡೆಯಲು ಹೋದವು. ನಮ್ಮಪ್ಪ ಸಿದ್ದಪ್ಪನ ಗಾಡಿಯೂ ಹೋಯಿತು, ಕರಿದಿಣ್ಣೆಯ ಮರಿಸ್ವಾಮಪ್ಪನವರ ಗಾಡಿಯೂ ಹೋಯಿತು. ಇಬ್ಬರಿಗೂ ಭಾರೀ ಸ್ನೇಹವಾಯಿತು. ಅರ್ಧ ಕಟ್ಟಿದ ಕಂಬದ ನೆರಳಿನಲ್ಲಿ ಕೂತು, ಒಂದೇ ಬೀಡಿಯ ಬೆಂಕಿಯಲ್ಲಿ ಇಬ್ಬರೂ ಹಚ್ಚಿಕೊಂಡು, ನನ್ನ ಮದುವೆಯ ಮಾತಾಡಿ ಮುಗಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಸೇತುವೆಗೆ ಟಾರು ಬಿದ್ದ ವರ್ಷವೇ ದಿಬ್ಬಣ ಅದರ ಮೇಲೆ ನಡೆದುಕೊಂಡು ಬಂತು. ಓಲಗದವರು ಮುಂದೆ, ನಾನು ಹಿಂದೆ, ಕೆಳಗೆ ಕಪ್ಪೆಗಳ ವಟವಟ.

ಗಂಡ ಒಳ್ಳೆಯವರೇ. ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಅಲ್ಲೇ ರೂಮು, ವಾರದ ರಜೆಗೆ ಊರಿಗೆ ಬರುತ್ತಿದ್ದರು. ಅಲ್ಲಿ ಕಬ್ಬಿಣ ಬಗ್ಗಿಸುತ್ತಿದ್ದರಂತೆ, ಇಲ್ಲಿ ಅಪ್ಪನ ಮುಂದೆ ತಾವೇ ಬಗ್ಗುತ್ತಿದ್ದರು. ಮನೆಯಲ್ಲಿ ಉಳಿದವರು ಮಾವ ಮತ್ತು ಅತ್ತೆ ನಂಜಮ್ಮ. ಅತ್ತೆಯ ಬಾಯಿಗೆ ಹೆದರಿ ನಮ್ಮ ಬೀದಿಗೆ ನಾಯಿಗಳೂ ಬರುತ್ತಿರಲಿಲ್ಲ. ನಾನು ತೊಳಸಿದ ಮುದ್ದೆಯಲ್ಲಿ ಗಂಟು, ನಾನು ಗುಡಿಸಿದ ಅಂಗಳದಲ್ಲಿ ಕಸ, ನಾನು ಕರೆದ ಹಸು ಒದೆಯುತ್ತದೆ. ಎಲ್ಲಕ್ಕೂ ಕೊನೆಗೆ "ಜೊಂಡುಪಾಳ್ಯದೋರ ಬುದ್ಧೀನೇ ಇಷ್ಟು" ಎಂಬ ಬಾಲ ಇದ್ದೇ ಇರುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. ಪಾತ್ರೆ ಕುಕ್ಕಿ ಉತ್ತರ ಕೊಡುತ್ತಿದ್ದೆ.

ಸೇತುವೆಯಾದ ಮೊದಲ ಸುಗ್ಗಿಯಲ್ಲೇ ಎರಡೂರಿನವರಿಗೂ ಒಂದು ಹೊಸ ವಿಷಯ ಗೊತ್ತಾಯಿತು. ನಮ್ಮ ಸೀಮೆಯಲ್ಲಿ ಹುರುಳಿ ಕಿತ್ತರೆ, ರಾಗಿ ಕೊಯ್ದರೆ ಕಣಕ್ಕೆ ಹಾಕುವ ಬದಲು ಟಾರು ರಸ್ತೆಗೆ ಹರಡುವ ಚಾಳಿ ಆಗಲೇ ಶುರುವಾಗಿತ್ತು. ಬಸ್ಸು ಲಾರಿಗಳು ಪುಕ್ಕಟೆಯಾಗಿ ತುಳಿದು ಕಾಳು ಉದುರಿಸುತ್ತವೆ, ಎತ್ತೂ ಬೇಡ, ರೋಣಗಲ್ಲೂ ಬೇಡ. ಆದರೆ ರಸ್ತೆಯಲ್ಲಿ ಮಣ್ಣು, ಮರದ ನೆರಳು. ಸೇತುವೆಯಲ್ಲಿ ಅದೇನೂ ಇಲ್ಲ. ನೆಲ ಸಪಾಟು, ಬಿಸಿಲು ಧಾರಾಳ, ಎರಡು ಕಡೆ ಗೋಡೆ ಇರುವುದರಿಂದ ಕಾಳು ಆಚೀಚೆ ಹೋಗುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ. ಊರಿನ ಕಣದಲ್ಲಿ ಮೊರದ ತುಂಬ ಕಾಳು ಎತ್ತಿ ಹಿಡಿದು ಗಾಳಿಗಾಗಿ ಕಾದು ಕಾದು ಕೈ ಸೋಲುತ್ತಿತ್ತು. ಸೇತುವೆಯ ಮೇಲೆ ಎತ್ತುವುದೇ ತಡ, ಹೊಟ್ಟು ಹಾರಿ ಕಾಳು ಕಾಲಬುಡಕ್ಕೆ ಸುರಿಯುತ್ತಿತ್ತು. "ಸರ್ಕಾರದೋರು ನಮಗೆ ಅಂತ್ಲೇ ಕಣ ಕಟ್ಕೊಟ್ಟವ್ರೆ" ಎಂದು ನಮ್ಮಪ್ಪ ಬೀಗಿದ.

ಕಣ ಎಂದ ಮೇಲೆ ಸಾರಿಸಬೇಕಲ್ಲ? ಸಾರಿಸದ ನೆಲದ ಮೇಲೆ ರಾಶಿ ಮಾಡಿದರೆ ಲಕ್ಷ್ಮಿ ನಿಲ್ಲುವುದಿಲ್ಲ. ಆದ್ದರಿಂದ ಎರಡೂರಿನ ಹೆಂಗಸರೂ ಸಗಣಿ ಬಗ್ಗಡ ಮಾಡಿಕೊಂಡು ಹೋಗಿ, ಒಂದು ಬದಿ ಬಸ್ಸಿಗೆ ಬಿಟ್ಟು, ಹೆದ್ದಾರಿಯ ಸೇತುವೆಯನ್ನು ಸಾರಿಸಿದೆವು. ನಾನೂ ಸಾರಿಸಿದ್ದೇನೆ. ಡ್ರೈವರುಗಳು ಹಾರನ್ ಹೊಡೆದು ಬಯ್ಯುತ್ತಿದ್ದರು, ನಾವು ಸೊಂಟದ ಮೇಲೆ ಕೈಯಿಟ್ಟು ತಿರುಗಿ ಬಯ್ಯುತ್ತಿದ್ದೆವು. ಇನ್ನು ಗೋಡೆಯ ಬುಡದಲ್ಲಿ ಉದ್ದಕ್ಕೂ ಮಳೆನೀರು ಕೆಳಗಿಳಿಯಲು ತೂತುಗಳಿದ್ದವು. ಅವುಗಳ ಮೂಲಕ ಕಾಳು ಜೌಗಿಗೆ ಸೋರುತ್ತಿತ್ತು. ಮೀನು ತಿಂದು ಕೊಬ್ಬುತ್ತವೆ ಎಂದು ಅದಕ್ಕೂ ಗೋಣಿಚೂರು ತುರುಕಿ ಮೇಲೆ ಸಗಣಿ ಮೆತ್ತಿದರು. ರಸ್ತೆ ಇಲಾಖೆಯ ಗ್ಯಾಂಗ್‌ಮನ್ ಒಬ್ಬ ಬಂದು ಇದೆಲ್ಲ ತೆಗೆಯಿರಿ ಎಂದು ಕೂಗಾಡಿದ. ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ಜಗಳ ಬಂದದ್ದು ಎರಡನೆಯ ಸುಗ್ಗಿಯಲ್ಲಿ. ನನಗೆ ಆಗ ಏಳು ತಿಂಗಳು. ಆ ದಿನಗಳಲ್ಲಿ ಗಾಳಿ ಗುಬ್ಬಿ ಕಡೆಯಿಂದ ಬೀಸುತ್ತದೆ. ನಮ್ಮಪ್ಪ ಸೇತುವೆಯ ತನ್ನೂರ ಕಡೆಯ ಅರ್ಧದಲ್ಲಿ ಹುರುಳಿ ತೂರುತ್ತಿದ್ದ. ಮಾವ ತಮ್ಮ ಅರ್ಧದಲ್ಲಿ ತೂರಿ ಮುಗಿಸಿ, ರಾಶಿಯ ಸುತ್ತ ಬೂದಿಯ ಗೆರೆ ಎಳೆದು, ಮೇಲೊಂದು ಹೂವಿಟ್ಟು ಕೈಮುಗಿಯುತ್ತಿದ್ದರು. ನಾನು ಬುತ್ತಿ ತಂದು ಅಲ್ಲೇ ನಿಂತಿದ್ದೆ. ಅಪ್ಪ ತೂರಿದ ಹೊಟ್ಟು ಪೂರ್ತಿ ಹಾರಿ ಬಂದು ಪೂಜೆಯಾದ ರಾಶಿಯ ಮೇಲೆ ಬಿತ್ತು.

"ಬೀಗ್ರೇ, ಸ್ವಲ್ಪ ನಿಲ್ಸಿ. ನಿಮ್ ಹೊಟ್ಟು ನಮ್ ರಾಶಿ ಮೇಲೆ ಬೀಳ್ತೈತೆ" ಎಂದರು ಮಾವ.

"ಗಾಳಿಗೆ ನಾನೇನು ಮೂಗುದಾರ ಹಾಕ್ಲಾ? ನೀವೇ ಆ ಕಡೀಕೆ ಸರ್ಕಳಿ" ಎಂದ ಅಪ್ಪ.

"ಎಲ್ಲಿಗ್ ಸರ್ಕಳಾನ? ಇದು ನಮ್ ಜಾಗ."

"ನಿಮ್ ಜಾಗ ಅಂತ ಯಾರ್ ಬರ್ಕೊಟ್ರು?"

ಅಲ್ಲಿಗೇ ನಿಂತಿದ್ದರೆ ನಿಲ್ಲುತ್ತಿತ್ತು. ಮಾವ ತಮ್ಮ ರಾಶಿಯಿಂದ ಒಂದು ಹಿಡಿ ಹೊಟ್ಟು ತೆಗೆದು ಊದಿ, "ಕೊಡೋದೆಲ್ಲ ಹೊಟ್ಟೇ ಬುಡಿ ನಿಮ್ಮೂರೋರು. ಹೆಣ್ಣು ಕೊಟ್ಟಿದ್ದೂ ಹಂಗೇ" ಎಂದುಬಿಟ್ಟರು. ನಾನು ಪಕ್ಕದಲ್ಲೇ ಬುತ್ತಿ ಹಿಡಿದು ನಿಂತಿದ್ದೇನೆ! ಅಪ್ಪ ಕೈಯಲ್ಲಿದ್ದ ಮೊರವನ್ನು ಬೀಸಿ ಎಸೆದ. ಮಾವ ಮೇಲೆ ಬಿದ್ದರು. ಎರಡೂರಿನವರೂ ಓಡಿಬಂದರು. ಒಬ್ಬನ ತಲೆ ಒಡೆಯಿತು, ಒಬ್ಬನ ಹಲ್ಲು ಹೋಯಿತು. ಬಸ್ಸು ನಿಂತು ಪ್ರಯಾಣಿಕರೆಲ್ಲ ಇಳಿದು ತಮಾಷೆ ನೋಡಿದರು.

ಆ ಸಂಜೆಯೇ ಅಪ್ಪ ಜೊಂಡುಪಾಳ್ಯದವರನ್ನು ಕಟ್ಟಿಕೊಂಡು ಬಂದು, ಸೇತುವೆಯ ನಟ್ಟನಡುವೆ ಗೋಡೆಯಿಂದ ಗೋಡೆಗೆ ಗಡಿಗೆ ಗಾತ್ರದ ಕಲ್ಲು ಜೋಡಿಸಿದ. ಬಸ್ಸಿಗೆ ಮಾತ್ರ ಒಂದು ಸಂದು. "ಇವತ್ತಿಂದ ಆ ಊರಿನ ಒಂದು ಹುಲ್ಲುಕಡ್ಡೀನೂ ಈ ಕಡೆ ಬರಕೂಡ್ದು. ಕೊಡೋದಿಲ್ಲ, ತರೋದಿಲ್ಲ" ಎಂದು ನಾಲ್ಕು ಜನರ ಮುಂದೆ ಆಣೆ ಮಾಡಿದ. ಕರಿದಿಣ್ಣೆಯವರು ಸುಮ್ಮನಿರುತ್ತಾರೆಯೇ? ಅವರೂ ಅದನ್ನೇ ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇದೆ. ಬೀಗರ ಜಗಳದಲ್ಲಿ ಕೂಸು ಇನ್ನೂ ಹೊಟ್ಟೆಯಲ್ಲೇ ಇತ್ತು.

ನನಗಿದ್ದ ಚಿಂತೆ ಒಂದೇ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದು ಪದ್ಧತಿ. ನನಗೆ ಪದ್ಧತಿಗಿಂತ ಅವ್ವನ ಕೈ ಬೇಕಿತ್ತು. ಅವ್ವ ಜೊಂಡುಪಾಳ್ಯದ ಸೂಲಗಿತ್ತಿ. ಅರ್ಧ ಊರನ್ನು ಈ ಲೋಕಕ್ಕೆ ಎಳೆದು ತಂದವಳು ಅವಳೇ. ಕರಿದಿಣ್ಣೆಯಲ್ಲಿ ಅಂಥವರು ಯಾರೂ ಇರಲಿಲ್ಲ. ನಮ್ಮ ಹಿಂದಿನ ಮನೆಯ ಸೊಸೆ, ನನ್ನದೇ ವಯಸ್ಸಿನವಳು, ದೀಪಾವಳಿಯ ಹೊತ್ತಿಗೆ ಹೆರಿಗೆಯಲ್ಲಿ ಸತ್ತಿದ್ದಳು. ಗುಬ್ಬಿಯ ಆಸ್ಪತ್ರೆಗೆ ಒಯ್ಯಲು ಗಾಡಿ ಕಟ್ಟುವಷ್ಟರಲ್ಲಿ ಹೋಗಿಬಿಟ್ಟಳು. ಅವಳ ಕೂಗು ಗೋಡೆಯಾಚೆಯಿಂದ ನನಗೆ ಕೇಳಿತ್ತು. ನಾನು ಹೆದರಿದ್ದೆ. ಸಾಯುತ್ತೇನೆ ಎಂದೇ ಹೆದರಿದ್ದೆ.

ಬಸ್ಸು ಹತ್ತಿ ಹೋಗಬಹುದಿತ್ತಲ್ಲ ಎಂದು ನನ್ನ ಮಗಳು ಕೇಳುತ್ತಾಳೆ. ಕರೆಯದೆ ತವರಿಗೆ ಹೆರಿಗೆಗೆ ಹೋದವಳ ಬಾಳು ಅವಳಿಗೆ ಗೊತ್ತಿಲ್ಲ. ತವರಿನವರು ಬಂದು, ಮಡಿಲು ತುಂಬಿ, ಕರೆದುಕೊಂಡು ಹೋಗಬೇಕು. ಗಂಡನ ಮನೆಯವರು ಹೊಸಲಲ್ಲಿ ನಿಂತು ಕಳಿಸಬೇಕು. ಎರಡೂ ಇಲ್ಲದೆ ಹೋದರೆ ಅಲ್ಲೂ ಬಾಗಿಲಿಲ್ಲ, ಇಲ್ಲೂ ಬಾಗಿಲಿಲ್ಲ.

ಅವ್ವ ಒಂದು ಸಲ ಬಂದಳು. ಹಸಿರು ಸೀರೆ, ಬಳೆ, ಕೊಬ್ಬರಿ ಬೆಲ್ಲ ಎಲ್ಲ ಮಕ್ಕರಿಯಲ್ಲಿಟ್ಟುಕೊಂಡು ಅಪ್ಪನಿಗೆ ಹೇಳದೆ ಕಲ್ಲಿನ ಸಾಲಿನವರೆಗೆ ಬಂದು ನಿಂತಳಂತೆ. ಕರಿದಿಣ್ಣೆಯ ಗಂಡಸರು ಅಡ್ಡ ನಿಂತರು. ಹಿಂದಿನಿಂದ ಅಪ್ಪ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದ. ನನಗೆ ಇದು ತಿಳಿದದ್ದು ಸಂಜೆ, ನೀರು ಸೇದುವಾಗ, ಯಾರೋ ಆಡಿಕೊಂಡು ನಕ್ಕಾಗ. ಸೀದಾ ಮನೆಗೆ ಬಂದು ಅತ್ತೆಯ ಮುಂದೆ ನಿಂತೆ.

"ನನ್ನ ಕಳ್ಸಿ ಅತ್ತೆ. ನಮ್ಮವ್ವ ಬಂದಿತ್ತಂತೆ."

"ನಿಮ್ಮಪ್ಪ ಬಂದು ಕರೀಲಿ, ಕಳಿಸ್ತೀನಿ" ಎಂದರು ಅತ್ತೆ. ಒಲೆಯಿಂದ ಮುಖ ಎತ್ತಲಿಲ್ಲ. "ಕರೀದಿರೋ ಮನೆಗೆ ನಾಯಿ ಹೋಗ್ತದೆ. ನಮ್ಮನೆ ಸೊಸೆ ಹೋಗಲ್ಲ."

"ಅವ್ನು ಕರಿಯಲ್ಲ. ಆಣೆ ಹಾಕವ್ನೆ."

"ಹಂಗಾರೆ ಅವ್ನ ಆಣೆ ಜತೆಗೇ ಬಾಣಂತನ ಮಾಡ್ಕಳ್ಳಿ."

ರಜೆಗೆ ಬಂದ ಗಂಡನ ಹತ್ತಿರ ಕಣ್ಣೀರು ಹಾಕಿದೆ. "ಸ್ವಲ್ಪ ದಿನ ತಡಿ, ತಣ್ಣಗಾಯ್ತದೆ" ಎಂದರು. ಹೊಟ್ಟೆಯೊಳಗಿನದು ತಡೆಯುತ್ತದೆಯೇ? ಹೆರುವವರು ಇವರಲ್ಲವಲ್ಲ, ಅದಕ್ಕೇ ತಣ್ಣಗೆ ಮಾತಾಡುತ್ತಿದ್ದರು.

ಹೀಗಿರುವಾಗ ಸೈಕ್ಲೋನು ಬಂತು. ಸುಗ್ಗಿ ಕಾಲದ ಮಳೆ ನಮ್ಮ ಕಡೆಯವರಿಗೆ ಯಮ ಇದ್ದ ಹಾಗೆ. ರೇಡಿಯೋದಲ್ಲಿ ಸುದ್ದಿ ಕೇಳಿದ್ದೇ ಎರಡೂರಿನವರೂ ಹೊಲದಲ್ಲಿದ್ದ ರಾಗಿ ಕಂತೆಯನ್ನೆಲ್ಲ ಹೊತ್ತು ತಂದು ಸೇತುವೆಯ ಮೇಲೆ ಒಟ್ಟಿದರು. ಹೊಲಕ್ಕೆ ಹಿನ್ನೀರು ನುಗ್ಗುತ್ತದೆ, ಊರಿನ ಕಣವೂ ತಗ್ಗು, ಸೇತುವೆ ಮಾತ್ರ ಯಾವ ಪ್ರವಾಹಕ್ಕೂ ಮುಳುಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಮುಂದೆಲ್ಲೋ ರಸ್ತೆ ಕೊಚ್ಚಿಹೋಗಿ ಬಸ್ಸು ನಿಂತಿದ್ದರಿಂದ ಬಸ್ಸಿನ ದಾರಿಯಲ್ಲೂ ಒಟ್ಟಿದರು. ರಸ್ತೆಯ ಮೇಲಿನ ನೀರು ಇಳಿದು ಬಂದು ಕಂತೆಯ ಬುಡ ನೆನೆಸಬಾರದೆಂದು ಜೊಂಡುಪಾಳ್ಯದವರು ತಮ್ಮ ತುದಿಗೆ ಮಣ್ಣಿನ ಬದು ಹಾಕಿದರು. ಅವರು ಹಾಕಿದ್ದು ನೋಡಿ ನಮ್ಮವರೂ ಹಾಕಿದರು, ಅವರಿಗಿಂತ ಒಂದು ಗೇಣು ಎತ್ತರ.

ಎರಡು ಕಡೆ ಗೋಡೆ, ಎರಡು ತುದಿಗೆ ಬದು, ತೂತಿಗೆಲ್ಲ ಸಗಣಿ. ಕೆರೆ ಕಟ್ಟುವುದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೊನೆಗೆ ಸೇತುವೆಯ ಮೇಲೂ ಒಂದು ಕೆರೆ ಕಟ್ಟಿದರು. ಬಿಡದೆ ಸುರಿದ ಮಳೆಗೆ ಅದು ತುಂಬಿತು. ಕೆಳಗೆ ಜೌಗು ಮೊರೆಯುತ್ತಿತ್ತು, ಮೇಲೆ ಕಂತೆಗಳು ತೇಲುತ್ತಿದ್ದವು. ತೂತು ಹುಡುಕಿ ಬಿಡಿಸೋಣವೆಂದರೆ ಅದರ ಮೇಲೇ ಮೆದೆ. ಬದು ಒಡೆಯಬಹುದಿತ್ತು. ಆದರೆ ಒಡೆದ ಕಡೆಗೆ ನೀರಿನ ಜೊತೆ ರಾಗಿಯೂ ಕೊಚ್ಚಿ ಹೋಗುತ್ತದಲ್ಲ? "ಮೊದಲು ಅವರು ಒಡೀಲಿ" ಎಂದು ಇವರು, "ಮೊದಲು ಅವರು ಒಡೀಲಿ" ಎಂದು ಅವರು. ಇಡೀ ವರ್ಷದ ಅನ್ನ ಮೊಳಕಾಲುದ್ದದ ನೀರಿನಲ್ಲಿ ನೆನೆಯುತ್ತ ಬಿದ್ದಿತ್ತು, ಗಂಡಸರು ಅದರ ಎರಡು ಕಡೆ ಗೋಣಿಕೊಪ್ಪೆ ಹೊದ್ದು ನಿಂತು ಒಬ್ಬರ ಮುಖ ಒಬ್ಬರು ದುರುಗುಟ್ಟಿ ನೋಡುತ್ತಿದ್ದರು. ಇಷ್ಟು ದೊಡ್ಡ ದಡ್ಡತನವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಮಳೆ ಹಿಡಿದು ನಾಲ್ಕೈದು ದಿನವಾಗಿರಬೇಕು. ಬೆಳಗ್ಗೆ ನನ್ನ ಸೊಂಟ ಹಿಡಿದುಕೊಂಡಿತು. ಬೇನೆಯಲ್ಲ, ಆದರೆ ಅದರ ಸುದ್ದಿ. ಮಾವ ಸೇತುವೆಯ ಮೇಲಿದ್ದರು, ಅತ್ತೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ನಾನು ಎರಡು ಸೀರೆ ಗಂಟು ಕಟ್ಟಿಕೊಂಡು ಹೊಸಲು ದಾಟಿದೆ. ಕರೆದಿರಲಿ ಬಿಡಲಿ. ಹೋಗಿ ಅವ್ವನ ಮುಂದೆ ಬೀಳುತ್ತೇನೆ, ಆಮೇಲೆ ಊರು ಏನಾದರೂ ಅಂದುಕೊಳ್ಳಲಿ.

ಬದು ಹತ್ತಿ ಇಳಿದರೆ ನೀರು. ಆ ವಾಸನೆ ಮೊದಲು ಮೂಗಿಗೆ ಹೊಡೆದದ್ದು ಅಲ್ಲೇ. ಸಗಣಿ, ಕೊಳೆತ ಹುಲ್ಲು, ಮುಗ್ಗಿದ ಕಾಳು. ಕಂತೆಗಳ ತೆನೆಯಲ್ಲಿ ಮೊಳಕೆ ಬಂದು ಮೆದೆಗಳು ಹಸಿರಾಗಿದ್ದವು. ಗೋಡೆ ಹಿಡಿದುಕೊಂಡು ನಡೆದೆ. ಕರಿದಿಣ್ಣೆಯ ಗಂಡಸರು ನೋಡಿದರು, ಯಾರೂ ಒಂದು ಕೈ ಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ. ಮಾವ ಮೆದೆಯ ಆಚೆ ಹಾರೆ ಹಾಕಿ ತೂತು ಹುಡುಕುತ್ತಿದ್ದರು. ಕಲ್ಲಿನ ಸಾಲಿಗೆ ಬಂದೆ. ಆಚೆ ಬದಿಯಲ್ಲಿ ಅಪ್ಪ ನಿಂತಿದ್ದ. ಅವನ ಹಿಂದೆ ಜೊಂಡುಪಾಳ್ಯವೇ ನಿಂತಿತ್ತು, ನನ್ನನ್ನು ಎತ್ತಿ ಆಡಿಸಿದವರೆಲ್ಲ.

"ಎಲ್ಲಿಗ್ ಬಂದೆ?" ಎಂದ.

"ಅವ್ವನ ತಾವ್ಕೆ."

"ಯಾರು ಕರುದ್ರು?"

ನಾನು ಹೊಟ್ಟೆ ಹಿಡಿದುಕೊಂಡು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ, ಅಕ್ಕಪಕ್ಕದವರ ಮುಖ ನೋಡಿದ.

"ವಾಪಸ್ ಹೋಗು, ರತ್ನಿ. ನೀನೀಗ ಆ ಊರೋಳು. ನಾಲ್ಕ್ ಜನದ ಮುಂದೆ ಆಡಿರೋ ಮಾತು."

ನನ್ನಪ್ಪ ಹೀಗೆ ಅಂದ. ಮಳೆಯಲ್ಲಿ, ನೀರಿನಲ್ಲಿ ನಿಂತ ಬಸುರಿ ಮಗಳಿಗೆ ಅಂದ. ಆ ಮಾತನ್ನು ನಾನು ಇವತ್ತಿನವರೆಗೂ ಮರೆತಿಲ್ಲ, ಮರೆಯುವುದೂ ಇಲ್ಲ.

"ಏಯ್! ನಿಂತ್ಕಳೇ ಅಲ್ಲೇ!" ಹಿಂದಿನಿಂದ ಅತ್ತೆಯ ಕೂಗು. ತಲೆಯ ಮೇಲೆ ಗೋಣಿಕೊಪ್ಪೆ, ಕೈಯಲ್ಲಿ ಇನ್ನೂ ಸಗಣಿ. ನೀರು ಚಿಮ್ಮಿಸುತ್ತ ಬಂದು ನನ್ನ ರಟ್ಟೆ ಹಿಡಿದರು. ಎಳೆದುಕೊಂಡು ಹೋಗಲೆಂದೇ ಬಂದಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅಪ್ಪನ ಕೊನೆಯ ಮಾತು ಅವರ ಕಿವಿಗೆ ಬಿದ್ದಿತ್ತು. ಅಲ್ಲೇ ನಿಂತರು.

"ಏನಂದೆ ಸಿದ್ದಪ್ಪಾ?" ಎಂದರು. ಬೀಗರು ಎನ್ನಲಿಲ್ಲ, ಬಹುವಚನವೂ ಇಲ್ಲ. "ಇನ್ನೊಂದ್ ಸಲ ಅನ್ನು. ನಮ್ಮೂರೋರೂ ಕೇಳ್ಲಿ."

"ನಿಮ್ ಸೊಸೇನ ಕರ್ಕಂಡ್ ಹೋಗಿ ಅಂದೆ."

"ಆಹಾ! ಎಂಥಾ ಮಾತಪ್ಪ! ಚೊಚ್ಚಲ ಬಾಣಂತನ ಯಾರ್ ಮನೇದು? ತುಪ್ಪ, ಕೊಬ್ರಿ, ಬೆಳ್ಳುಳ್ಳಿ, ಕೂಸಿಗೆ ತೊಟ್ಲು, ಇದೆಲ್ಲಾ ಯಾರ್ ಮನೇದು? ಅದ್ನ ಉಳಿಸ್ಕಳಾಕೆ ತಾನೆ ನೀನು ಕಲ್ಲು ಜೋಡ್ಸಿದ್ದು? ಹೊಟ್ಟು ಹಾರ್ತಂತೆ, ಜಗಳ ಆಯ್ತಂತೆ! ಸೊಸೇಗೆ ಏಳು ತಿಂಗ್ಳು ತುಂಬಿದ್ ವಾರದಾಗೇ ಯಾಕಪ್ಪ ಜಗಳ ಆಯ್ತು? ನನಗೆ ಅವತ್ತೇ ಗೊತ್ತಿತ್ತು."

ಅಪ್ಪನ ಮುಖ ಕಪ್ಪಿಟ್ಟಿತು. ಅವನ ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ಹಟಮಾರಿ, ಕೋಪಿಷ್ಠ, ಆದರೆ ಜಿಪುಣನಲ್ಲ. ಅವನನ್ನು ಜಿಪುಣ ಎಂದವರು ಆವರೆಗೆ ಯಾರೂ ಇರಲಿಲ್ಲ.

"ನಂಜಮ್ಮಾ, ಮಾತು ಸರ್ಯಾಗಿ ಆಡು. ಖರ್ಚಿಗೆ ಹೆದರೋ ಗಂಡ್ಸಲ್ಲ ನಾನು!"

"ಹೆದ್ರಲ್ವಾ? ಹಂಗಾರೆ ಕರ್ಕಂಡ್ ಹೋಗು."

"ಹೋಗ್ತೀನಿ! ಈಗ್ಲೇ ಹೋಗ್ತೀನಿ!"

ಬಾಯಿಂದ ಬಿದ್ದ ಮೇಲೆ ಅವನಿಗೆ ತಿಳಿಯಿತು ಏನಾಯಿತೆಂದು. ಹಾರೆ ಹಿಡಿದುಕೊಂಡೇ ಓಡಿಬಂದ ಮಾವ "ಏನೇ ಇದು? ಯಾರ್ನ ಕೇಳಿ ಕಳಿಸ್ತಿದೀಯ?" ಎಂದು ಅರಚಿದರು. ಅತ್ತೆ ತಿರುಗಿಯೂ ನೋಡಲಿಲ್ಲ. "ನೀವ್ ಹೋಗಿ ನಿಮ್ ರಾಗಿ ನೋಡ್ಕಳಿ, ನಾಟಿ ಮಾಡೋ ಹಂಗೆ ಬೆಳೆದೈತೆ" ಎಂದರು. ಕಾಲಿನಿಂದ ಎರಡು ಕಲ್ಲು ಒತ್ತರಿಸಿ ದಾರಿ ಮಾಡಿ, ನನ್ನ ರಟ್ಟೆ ಬಿಡದೆ ಮುಂದೆ ನಡೆದರು. ಅಪ್ಪನನ್ನು ದಾಟಿ, ಜೊಂಡುಪಾಳ್ಯದವರನ್ನು ದಾಟಿ, ಬದು ಹತ್ತಿಸಿ ಇಳಿಸಿ, ಕೆಸರಿನ ಬೀದಿಯಲ್ಲಿ ನಮ್ಮ ಮನೆಯ ಬಾಗಿಲವರೆಗೂ ಬಂದರು. ದಾರಿಯುದ್ದಕ್ಕೂ ನನ್ನನ್ನು ಬಯ್ಯುತ್ತಲೇ ಇದ್ದರು. ಹೇಳದೆ ಹೊರಟೆನೆಂದು, ಹರಿದ ಸೀರೆ ಗಂಟು ಕಟ್ಟಿದೆನೆಂದು, ನಡೆಯುವುದು ನಿಧಾನವಾಯಿತೆಂದು.

ಅವ್ವ ಬಾಗಿಲಿಗೆ ಬಂದವಳು ನನ್ನನ್ನು ಕಂಡು ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಕಾಲಿಗೆ ನೀರು, ಕುಡಿಯಲು ನೀರು ತಂದು ಅತ್ತೆಯ ಮುಂದೆ ಹಿಡಿದಳು.

"ನಿಮ್ಮನೆ ನೀರು ನನಗೆ ಬ್ಯಾಡ" ಎಂದರು ಅತ್ತೆ. "ನಿನ್ ಮಗಳ್ನ ತಂದ್ ಹಾಕಿದೀನಿ. ಹುಷಾರಾಗಿ ಇಸ್ಕಂಡಿದ್ದೀಯ, ಹುಷಾರಾಗಿ ವಾಪಸ್ ಕೊಡು." ಬಂದ ಕಾಲಲ್ಲೇ ತಿರುಗಿ ಮಳೆಯಲ್ಲಿ ಹೋದರು.

ಆ ವಾರದಲ್ಲೇ ಮಗಳು ಹುಟ್ಟಿದಳು. ಕಾಲು ಮುಂದಾಗಿ ಬಂದಿತ್ತು ಕೂಸು. ಅವ್ವನ ಕೈ ಇಲ್ಲದಿದ್ದರೆ ಕೂಸೂ ಇಲ್ಲ, ನಾನೂ ಇಲ್ಲ, ಇದನ್ನು ಬರೆಯುವವರೂ ಇಲ್ಲ. ಅಪ್ಪ ಬಾಣಂತನವನ್ನು ಹಗೆ ತೀರಿಸಿಕೊಳ್ಳುವವನಂತೆ ಮಾಡಿದ. ಗುಬ್ಬಿ ಸಂತೆಯಿಂದ ಡಬ್ಬಗಟ್ಟಲೆ ತುಪ್ಪ ಬಂತು, ಮೂಟೆಯಲ್ಲಿ ಕೊಬ್ಬರಿ ಬಂತು. "ತಿನ್ನಮ್ಮಿ, ನಿಮ್ಮತ್ತೆಗೆ ಹೇಳ್ಬೇಕು ನೀನು" ಎನ್ನುತ್ತಿದ್ದ. ತುಪ್ಪ ನೋಡಿದರೆ ವಾಕರಿಕೆ ಬರುವಷ್ಟು ತಿಂದೆ. ಅವನ ಜೊತೆ ಮಾತು ಮಾತ್ರ ಆಡಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಬಂದರೆ ಮಗ್ಗುಲು ತಿರುಗಿಸಿ ಮಲಗುತ್ತಿದ್ದೆ.

ಮಳೆ ನಿಂತ ಮೇಲೆ ಎರಡೂರಿನವರೂ ಕೊಳೆತ ರಾಗಿಯನ್ನು ಗೋಡೆಯ ಮೇಲಿಂದ ಜೌಗಿಗೆ ಎಸೆದರು. ಆ ವರ್ಷ ಎರಡು ಕಡೆಯೂ ಅಂಗಡಿಯ ಜೋಳ ತಿಂದೆವು. ಇಲಾಖೆಯವರು ಪೊಲೀಸರ ಜೊತೆ ಬಂದು ಸಗಣಿ ಕೆರೆಸಿ, ತೂತಿಗೆಲ್ಲ ಕಬ್ಬಿಣದ ಜಾಲರಿ ಹಾಕಿ, ಇನ್ನು ಒಂದು ಕಂತೆ ಕಂಡರೂ ಒಳಗೆ ಹಾಕುತ್ತೇವೆ ಎಂದು ಹೇಳಿಹೋದರು. ಕಣವೇ ಇಲ್ಲದ ಮೇಲೆ ಜಗಳಕ್ಕೆ ಕಾರಣವೂ ಇಲ್ಲ. ಮುಂದಿನ ಯುಗಾದಿಗೆ ಅಪ್ಪನೂ ಮಾವನೂ ಪಕ್ಕಪಕ್ಕದಲ್ಲಿ ಕೂತು ಹೋಳಿಗೆ ಉಂಡರು. ನನಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು. ಗಂಡಸರ ಸಿಟ್ಟು ಒಂದು ಹೋಳಿಗೆಗೆ ಇಳಿದುಹೋಗುವಂಥದ್ದಾದರೆ ನನ್ನನ್ನು ಯಾಕೆ ಆ ನೀರಿನಲ್ಲಿ ನಿಲ್ಲಿಸಿದರು?

ಅತ್ತೆ ಮಾತ್ರ ನಮ್ಮ ತವರಿನಲ್ಲಿ ಕೊನೆಯವರೆಗೂ ಒಂದು ತೊಟ್ಟು ನೀರು ಕುಡಿಯಲಿಲ್ಲ. ನನ್ನನ್ನು ಬಯ್ಯುವುದನ್ನೂ ಬಿಡಲಿಲ್ಲ. ಮಾವ ಹೋದ ಮೇಲೆ ತುಮಕೂರಿಗೆ ನಮ್ಮ ಜೊತೆ ಬಂದರು. ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಅಷ್ಟು ವರ್ಷ ಕೇಳದ್ದನ್ನು ಅವತ್ತು ಕೇಳಿದೆ.

"ಅತ್ತೆ, ಅವತ್ತು ಸೇತುವೆ ಮೇಲೆ ನಿಮಗೆ ನನ್ನ ಮೇಲೆ ಕನಿಕರ ಬಂತಾ?"

"ನಿನ್ ಮೇಲೆ ಕನಿಕರ ಯಾಕೆ ಬರ್ಬೇಕು?" ಎಂದರು. ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿನ್ ಗಂಡನಿಗಿಂತ ಮುಂಚೆ ನನಗೊಂದು ಹೆಣ್ಣು ಹುಟ್ಟಿತ್ತು. ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ನನ್ನ ತವರೂ ಆಚೆ ದಡದ್ದೇ, ನಿಮ್ಮೂರಿಂದ ಇನ್ನೊಂದಿಷ್ಟು ಮುಂದಕ್ಕೆ. ಬ್ಯಾಸಿಗೇಲಿ ಜೌಗು ಒಣಗಿದ್ರೆ ಗಾಡಿ ದಾಟ್ತಿತ್ತು, ಹಂಗೇ ಕರಿದಿಣ್ಣೆಗೆ ಕೊಟ್ಟಿದ್ರು. ಚೊಚ್ಚಲಿಗೆ ಕರ್ಕಂಡ್ ಹೋಗಾಕೆ ನಮ್ಮವ್ವ ಗಾಡಿ ಕಟ್ಸ್ಕಂಡ್ ಬಂದಿತ್ತು. ಆ ವರ್ಷ ಕೆರೆ ಕೋಡಿ ಬಿದ್ದು ಜೌಗೆಲ್ಲ ಸಮುದ್ರ ಆಗಿತ್ತು. ಆಚೆ ದಡದಾಗೆ ಅವ್ವ ನಿಂತೈತೆ, ಈಚೆ ದಡದಾಗೆ ನಾನು. ಅದು ಏನೋ ಕೂಗ್ತಾ ಐತೆ, ನನಗೆ ಕೇಳಿಸ್ತಿಲ್ಲ. ಕತ್ಲಾಗೋ ಗಂಟ ನಿಂತಿದ್ದು, ಗಾಡಿ ತಿರುಗಿಸ್ಕಂಡ್ ಹೋಯ್ತು. ಹೆರಿಗೆ ಕರಿದಿಣ್ಣೇಲೇ ಆಯ್ತು. ಕೂಸು ಉಳೀಲಿಲ್ಲ."

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಅತ್ತೆ ನನ್ನ ಮಡಿಲಿಂದ ಒಂದು ಹಿಡಿ ಕಾಯಿ ತೆಗೆದು ತಮ್ಮ ಮಡಿಲಿಗೆ ಹಾಕಿಕೊಂಡರು.

"ಯಾರ್ನ ಬಯ್ಯಾನ ಹೇಳು? ನೀರ್ನ ಬಯ್ಯಕಾಯ್ತದಾ? ನೀರಿಗೆ ಹೂವು ಅರಿಶಿನ ಹಾಕಿ ಕೈ ಮುಗೀಬೇಕು, ಅಷ್ಟೆ. ಆ ಸಿಟ್ನ ಅಷ್ಟು ವರ್ಷ ಹೊಟ್ಟೇಲಿ ಇಟ್ಕಂಡಿದ್ದೆ. ನಿಮ್ಮಪ್ಪ ಸಿಕ್ದ."